ಹಾರದ ಕೊಕ್ಕೆ

ಸುರತ್ಕಲ್
20 ನವೆಂಬರ್ 2024

ಕುಮಾರಿ,

ಕಾಗದ ನೋಡಿ ಇವಳಿಗೇನು ಬಂತು ಅಂದುಕೊಳ್ಳಬೇಡ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಅಬ್ಬಾನ ಫೋನಿಂದ ಮಾಡೋಣ ಅಂದುಕೊಂಡೆ, ಆಮೇಲೆ ನಮ್ಮಿಬ್ಬರ ಜಗಳದೊಳಗೆ ಅವರನ್ನ ಎಳೆಯೋದು ಬೇಡ ಅನ್ನಿಸ್ತು. ಅಂಚೆಯವರನ್ನ ಬ್ಲಾಕ್ ಮಾಡೋಕೆ ನಿನ್ನ ಕೈಲಿ ಆಗಲ್ಲವಲ್ಲ, ಅದಕ್ಕೇ ಬರೀತಿದ್ದೀನಿ.

ಆಯುಧಪೂಜೆ ದಿನ ನಿಮ್ಮ ಹೆಂಗಸರ ಡೈರಿಯಲ್ಲಿ ಸುಟ್ಟುಹೋದ ನನ್ನ ಪೆಟ್ಟಿಗೆ ಈಗ ಲ್ಯಾಬಿನ ಮೇಜಿನ ಮೇಲಿದೆ. ನಾಲ್ಕು ವರ್ಷದ ಕೆಲಸ ಅದು. ಎಲ್ಲರ ಪಂಪ್‌ಸೆಟ್ಟೂ ಒಟ್ಟಿಗೆ ಓಡುವಾಗ ನಿಮ್ಮೂರಲ್ಲಿ ವೋಲ್ಟೇಜ್ ಬಿದ್ದುಹೋಗಿ, ಹಾಲು ತಣ್ಣಗೆ ಮಾಡೋ ಕಂಪ್ರೆಸರಿನ ಮೋಟರು ಗುರ್ ಅಂದು ನಿಂತುಬಿಡ್ತಿತ್ತು. ಬಂದಷ್ಟು ಕರೆಂಟನ್ನ ಸಣ್ಣಗೆ ಕತ್ತರಿಸಿ, ಮೋಟರಿನ ಅಳತೆಗೆ ಮತ್ತೆ ಹೊಲಿದು ಕೊಡೋದು ಪೆಟ್ಟಿಗೆ ಕೆಲಸ. 'ಟೈಲರ್ ಪೆಟ್ಟಿಗೆ' ಅಂತ ಹೆಸರಿಟ್ಟವಳು ನೀನೇ. ಬಿಚ್ಚಿ ನೋಡಿದೆ. ಫ್ಯಾನಿನ ಜಾಲರಿ ತುಂಬ ಚೆಂಡುಹೂವಿನ ದಳ, ಅದರ ಮೇಲೆ ವಿಭೂತಿ ಗಟ್ಟಿಯಾಗಿ ಕೂತಿದೆ. ಗಾಳಿ ಆಡದೆ ಒಳಗಿನ ಸ್ವಿಚ್ಚುಗಳು ಕಾದು ಒಡೆದುಹೋಗಿವೆ.

ನನ್ನ ಗೈಡ್ ಗುರುಸ್ವಾಮಿ ಸರ್, 'ಬಳಸುವವರ ತಪ್ಪಿನಿಂದ ಕೆಟ್ಟಿದೆ' ಅಂತ ಬರೆದು ಮುಗಿಸು ಅಂದರು. ಹಾಗೇ ಬರೆದೆ. ಜಾಲರಿ ಮುಚ್ಚಬೇಡಿ ಅಂತ ನಿನಗೆ ಮೊದಲೇ ಹೇಳಿದ್ದೆ, ಸುಳ್ಳೇನು ಬರೆದಿಲ್ಲ.

ಈಗ ಕೇಳಬೇಕಾದ್ದು ಕೇಳ್ತೀನಿ. ಲ್ಯಾಬಿನ ಹೊರಗೆ ಆರು ತಿಂಗಳು ನಿಲ್ಲದೆ ಓಡಿ ತೋರಿಸದೆ ನನ್ನ ಪಿಎಚ್‌ಡಿ ಮುಗಿಯಲ್ಲ. ಬರೋ ವರ್ಷದ ಕೊನೆಯೇ ಗಡುವು. ಆಗದಿದ್ದರೆ ಎಲ್ಲ ಕಟ್ಟಿಟ್ಟು ಮನೆಗೆ ಹೋಗಬೇಕು. ಅಮ್ಮಿ ಆಗಲೇ ಜೂನಿಯರ್ ಇಂಜಿನಿಯರ್ ಪರೀಕ್ಷೆಯ ಪುಸ್ತಕ ತಂದಿಟ್ಟು, ಅದರ ಮೇಲೆ ಕೂತ ಧೂಳು ದಿನಾ ಒರೆಸ್ತಿದ್ದಾರಂತೆ. ಹೊಸ ಪೆಟ್ಟಿಗೆ ಮಾಡ್ತೀನಿ. ನಿಮ್ಮತ್ತೆಗೆ ಹೇಳಿ ಡೈರಿಯಲ್ಲಿ ಇನ್ನೊಂದು ಸಲ ಇಡಿಸ್ತೀಯಾ?

ನಗ್ಮಾ


ಗುಂಡ್ಲುಪೇಟೆ
9 ಡಿಸೆಂಬರ್ 2024

ನಗ್ಮಾ,

ನಿನ್ನ ಕಾಗದ ಬಂತು. ಬ್ಲಾಕ್ ತೆಗಿಯಲ್ಲ. ಫೋನಲ್ಲಾದ್ರೆ ನೀನು ನನ್ನ ಮಾತು ಮುಗಿಯೋಕೇ ಬುಡಲ್ಲ, ಕಾಗದದಲ್ಲಾದ್ರೆ ಪೂರ್ತಿ ಓದ್ಲೇಬೇಕು. ನಿನ್ನ ಥರ ಪುಸ್ತಕದ ಕನ್ನಡ ನಂಗೆ ಬರಲ್ಲ, ಬಾಯಿಗೆ ಬಂದದ್ದು ಬರೀತೀನಿ, ಓದ್ಕೋ.

ಇಡೀ ಕಾಗದ ಹುಡುಕಿದೆ ಕಣೆ. ಜಾಲರಿ ಅದೆ, ವಿಭೂತಿ ಅದೆ, ಗಡುವು ಅದೆ. ಅವತ್ತು ನೀನು ಆಡಿದ ಮಾತು ಎಲ್ಲೂ ಇಲ್ಲ. ಮರ್ತಿದ್ರೆ ನಾನು ನೆನಪು ಮಾಡ್ತೀನಿ. ರಜೆಗೆ ಅಂತ ಚಾಮರಾಜನಗರಕ್ಕೆ ಬಂದಿದ್ದೋಳು, ಪೆಟ್ಟಿಗೆ ಡಬ್ ಅಂದ ಸುದ್ದಿ ಕೇಳಿ ನಿಮ್ಮಬ್ಬಾನ ಸ್ಕೂಟರ್ ಹತ್ಕೊಂಡು ಓಡಿಬಂದೆ. ಬಂದೋಳು ನಮ್ಮತ್ತೆ ಕಟ್ಟಿದ ಹಾರ ಕಿತ್ತು ನೆಲಕ್ಕೆ ಹಾಕಿ, 'ಹೂವು ಹಾಕೋಕೆ ಇದೇನು ದೇವರಾ?' ಅಂದೆ. ಹಾಲು ಹಾಕೋ ಹೆಂಗಸರೆಲ್ಲ ನಿಂತಿದ್ರು. ನಮ್ಮತ್ತೆ ಗುರುಮಲ್ಲಮ್ಮ ಆ ಡೈರಿ ಅಧ್ಯಕ್ಷರು, ನಾನು ಸೆಕ್ರೆಟರಿ. ನಮ್ಮ ಗೆಳತಿ ಮಾಡಿದ್ದು ಅಂತ ಅವರ ಕಾಲು ಹಿಡಿದು ಆ ಪೆಟ್ಟಿಗೆ ಇಡಿಸಿದ್ದೋಳು ನಾನು. ಆಮೇಲೆ ಊರಲ್ಲಿ ಕೆಲವರು ನಿನ್ನ ಹೆಸರು ಹಿಡಿದು ಏನೇನಂದ್ರು ಅನ್ನೋದು ಬರಿಯಲ್ಲ. ಅವರ ಬಾಯಿ ಮುಚ್ಚಿಸೋ ಹೊತ್ತಿಗೆ ನಂಗೆ ಸಾಕುಸಾಕಾಯ್ತು.

ಜಾಲರಿ ಮುಚ್ಚಬೇಡಿ ಅಂತ ನೀನು ಹೇಳಿದ್ದೆ, ನಿಜ. ಅತ್ತೆ ಸ್ನಾನ ಮಾಡಿ, ಉಪವಾಸ ಇದ್ದು, ಕೈಯಾರೆ ಕಟ್ಟಿ ಹಾಕಿದ ಹಾರನ ಸೊಸೆ ತೆಗಿಯೋದು ಹೆಂಗೆ? ನೀನಾದ್ರೆ ತೆಗೀತಿದ್ದ್ಯಾ? ನಾವು ಟ್ರ್ಯಾಕ್ಟರಿಗೂ ಹೂವ ಹಾಕ್ತೀವಿ, ಹೊಲಿಗೆ ಮಿಷಿನಿಗೂ ಹಾಕ್ತೀವಿ, ಹುಲ್ಲು ಕುಯ್ಯೋ ಕುಡ್ಲಿಗೂ, ಪೊರಕೆಗೂ ಹಾಕ್ತೀವಿ. ಯಾವುದೂ ಸತ್ತಿಲ್ಲ. ಸತ್ತದ್ದು ನಿನ್ನ ಪೆಟ್ಟಿಗೆ ಒಂದೇ. ಎರಡು ಹೊತ್ತಿನ ಹಾಲು ಒಡೆದು ಚರಂಡಿಗೆ ಹೋಯ್ತು.

ಆದ್ರೂ ಅತ್ತೇನ ಕೇಳಿದೆ. ಅವರು ಅಂದದ್ದು ಹಂಗೇ ಬರೀತೀನಿ: "ಹೂವ ತಡೀನಾರದ ಮಿಷಿನು ನಮಗ ಬ್ಯಾಡ ಕಣಮ್ಮಿ."

ಕುಮಾರಿ


ಸುರತ್ಕಲ್
11 ಫೆಬ್ರವರಿ 2025

ಕುಮಾರಿ,

ಎರಡು ತಿಂಗಳು ಬರೆಯಲಿಲ್ಲ. ಮೊದಲ ವಾರ ಸಿಟ್ಟಿತ್ತು. ಆಮೇಲೆ ನಾಚಿಕೆ.

ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರದ ತಗಡಿನ ಅಂಗಡಿ ಬೀದಿಯಲ್ಲಿ. ಅಬ್ಬಾ ಟ್ರಂಕು ಬಡಿಯೋ ಅಂಗಡಿಗೆ ಅಂಟಿಕೊಂಡೇ ವೆಲ್ಡಿಂಗ್ ಶಾಪು. ಆಯುಧಪೂಜೆ ದಿನ ಆ ಶಾಪಿನವರು ಕಟ್ಟಿ ಕೊಡೋ ಕಡ್ಲೆಪುರಿ, ಬಾಳೆಹಣ್ಣು ತಿಂದೇ ದೊಡ್ಡವಳಾದೆ. ವೆಲ್ಡಿಂಗ್ ಮಿಷಿನಿಗೆ ಮಣಭಾರ ಹಾರ ಹಾಕಿದ್ದು ಪ್ರತಿ ವರ್ಷ ನೋಡಿದ್ದೀನಿ. ಎಲ್ಲ ಗೊತ್ತಿದ್ದೂ, ಪೆಟ್ಟಿಗೆ ಮಾಡುವಾಗ ಒಂದು ಸಲವೂ ನೆನಪಾಗಲಿಲ್ಲ. ಧೂಳು ಬೀಳುತ್ತೆ ಅಂತ ಯೋಚಿಸಿದೆ, ಹಲ್ಲಿ ನುಗ್ಗುತ್ತೆ ಅಂತ ಯೋಚಿಸಿದೆ, ಸಿಡಿಲಿಗೂ ದಾರಿ ಮಾಡಿದ್ದೆ. ಹೂವು ಬೀಳುತ್ತೆ ಅಂತ ಯೋಚಿಸಲಿಲ್ಲ. ಅವತ್ತು ಆಡಿದ ಮಾತು ತಪ್ಪು ಕಣೆ. ಹಾರ ನೆಲಕ್ಕೆ ಹಾಕಿದ್ದು ಅದಕ್ಕಿಂತ ತಪ್ಪು. ನಿಮ್ಮತ್ತೆ ಮುಖ ಈಗಲೂ ಕಣ್ಣಮುಂದೆ ಬರುತ್ತೆ.

ವರದಿಯಲ್ಲಿ ಆ ಸಾಲು ಹೊಡೆದುಹಾಕಿ, 'ವಿನ್ಯಾಸದ ತಪ್ಪು' ಅಂತ ಬರೆದೆ. ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಲ್ಲಿನ ಕ್ಯಾಂಟೀನಿನ ಫ್ರಿಜ್ಜಿಗೆ ಜೋಡಿಸು, ಆರು ತಿಂಗಳು ಓಡುತ್ತೆ, ಡಿಗ್ರಿ ಬರುತ್ತೆ, ಯಾಕೆ ಒದ್ದಾಡ್ತೀಯ ಅಂದರು. ಕ್ಯಾಂಟೀನಲ್ಲಿ ಯಾರೂ ಹಾರ ಹಾಕಲ್ಲ ಸರ್ ಅಂದೆ.

ಈಗ ಪೆಟ್ಟಿಗೆಗೆ ಫ್ಯಾನೂ ಇಲ್ಲ, ಜಾಲರಿಯೂ ಇಲ್ಲ. ಮುಂಭಾಗ ಪೂರ್ತಿ ಮುಚ್ಚಿದೆ. ಬಿಸಿ ಎಲ್ಲ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳಿಂದ, ಗೋಡೆ ಮತ್ತು ಪೆಟ್ಟಿಗೆ ನಡುವಿನ ಸಂದಿಯಲ್ಲಿ ಮೇಲಕ್ಕೆ ಹೋಗುತ್ತೆ. ಸೋಮವಾರ ಬಕೆಟ್ ನೀರು ಸುರಿದೆ, ವಿಭೂತಿ ಬಳಿದೆ. ಆಮೇಲೆ ಪೇಟೆಗೆ ಹೋಗಿ ಹಾರ ತಂದೆ. ಯಾವ ದೇವರಿಗಮ್ಮಾ ಅಂತ ಹೂವಿನವಳು ಕೇಳಿದಳು, ಕಂಪ್ರೆಸರಿಗೆ ಅಂದೆ. ಸರ್ ಮಾರನೇ ಬೆಳಿಗ್ಗೆ ಬಂದು ಮೇಜಿನ ಮೇಲೆ ಹಾರ ನೋಡಿ, ಯಾರು ಹೋದರು ಅಂತ ಗಾಬರಿಯಾದರಂತೆ. ಹಾರ ಹಾಕಿಕೊಂಡೇ ದಿನವಿಡೀ ಓಡಿತು.

ನಿಮ್ಮತ್ತೆಗೆ ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟದ್ದು. ನಿನಗೆ ಹೇಳಬೇಕಿತ್ತು.

ನಗ್ಮಾ


ಗುಂಡ್ಲುಪೇಟೆ
26 ಫೆಬ್ರವರಿ 2025

ನಗ್ಮಾ,

ಅತ್ತೆ ಹಸ ಕರೀತಾ ಕೂತಿದ್ರು, ಪಕ್ಕದಲ್ಲಿ ನಿಂತು ನಿನ್ನ ಕಾಗದ ಓದಿದೆ. ಪೂರ್ತಿ ಓದ್ದೆ, ನಾಚಿಕೆ ಅಂತ ಬರೆದಿದ್ದೀಯಲ್ಲ, ಅದೂನೂ. ಅತ್ತೆ ಚೊಂಬು ತುಂಬಿ, ಕರು ಬುಟ್ಟು, ಕೈ ತೊಳ್ಕೊಂಡು ಬಂದು, ಅವಳು ತಂದ ಹಾರ ಎಷ್ಟು ದಪ್ಪ ಇತ್ತಂತೆ ಅಂತ ಕೇಳಿದ್ರು. ನಂಗೇನು ಗೊತ್ತು ಅಂದೆ. ಪೇಟೆ ಹಾರ ಅಂದ್ರೆ ದಾರದಲ್ಲಿ ಅಲ್ಲೊಂದು ಇಲ್ಲೊಂದು ಹೂವ, ಅದು ಹಾರವೇ ಅಲ್ಲ ಅಂದ್ಬುಟ್ಟು ಹಿತ್ತಲಿಗೆ ಹೋದ್ರು.

ಮಾರನೇ ದಿನ ಬೆಳಿಗ್ಗೆ ನೋಡ್ತೀನಿ, ಜಗಲೀಲಿ ಕೂತು ಕಟ್ತಾವ್ರೆ. ನಮ್ಮ ಹೊಲದ ಚೆಂಡುವ್ವ, ತೋಳುಗಾತ್ರ, ಎರಡು ಹಾರ. ಇದ ಹಾಕಿ ನೋಡ್ಕಳ್ಳಿ ಅವಳು ಅಂದ್ರು. ಗೋಣಿಚೀಲಕ್ಕೆ ತುಂಬಿ ಬಸ್ಸಲ್ಲಿ ನಿಮ್ಮಬ್ಬಾನ ಅಂಗಡಿಗೆ ಕಳಿಸಿದ್ದೀನಿ. ಅವರು ಕೊರಿಯರ್ ಮಾಡ್ತಾರಂತೆ. ನಿನ್ನ ಕೈ ಸೇರೋ ಹೊತ್ತಿಗೆ ಬಾಡಿರ್ತದೆ, ನೀರು ಚಿಮುಕಿಸ್ಕೋ.

ನಂಗೆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆದ್ರೆ ಕಂಪ್ರೆಸರಿಗೆ ಅಂದೆಯಲ್ಲ, ಅದಕ್ಕೆ ನಗು ಬಂತು. ಒಬ್ಬಳೇ ನಕ್ಕೆ.

ಕುಮಾರಿ


ಚಾಮರಾಜನಗರ
6 ಏಪ್ರಿಲ್ 2025

ಕುಮಾರಿ,

ನಿಮ್ಮತ್ತೆ ಹಾರಕ್ಕೆ ನನ್ನ ಪೆಟ್ಟಿಗೆ ಸೋತಿತು. ಮುಂದೊಂದು ಹಾಕಿ, ಇನ್ನೊಂದನ್ನ ಮೇಲಿನಿಂದ ಇಳಿಬಿಟ್ಟೆ. ಸಂದಿ ಮುಚ್ಚಿಹೋಯ್ತು. ಒಳಗೆ ಕಾವು ಏರಿ, ಸುಡೋ ಮೊದಲು ತಾನಾಗೇ ಆಫ್ ಆಯ್ತು. ಸುಡಲಿಲ್ಲವಲ್ಲ, ಪಾಸು ಅಂದರು ಸರ್. ನನಗೆ ಸಮಾಧಾನ ಆಗಲಿಲ್ಲ. ನಿಮ್ಮ ಡೈರಿಯಲ್ಲಿ ಪೆಟ್ಟಿಗೆ ಸುಟ್ಟರೂ ಹಾಲು ಒಡೆಯುತ್ತೆ, ಆಫ್ ಆದರೂ ಒಡೆಯುತ್ತೆ. ಹಾಲಿಗೆ ಎರಡೂ ಒಂದೇ. ಆ ರಾತ್ರಿ ಹಾಸ್ಟೆಲಿನಲ್ಲಿ ಅತ್ತುಬಿಟ್ಟೆ. ಅಮ್ಮಿ ಒರೆಸೋ ಆ ಪುಸ್ತಕವೇ ಗತಿ ಅನ್ನಿಸಿಬಿಟ್ಟಿತ್ತು.

ರಂಜಾನ್ ಕೊನೆಗೆ ಮನೆಗೆ ಬಂದೆ. ಬಿಸಿಲು ಹೇಗಿತ್ತು ನಿನಗೇ ಗೊತ್ತು. ಅಬ್ಬಾ ರೋಜಾ ಇಟ್ಟುಕೊಂಡು, ಹನಿ ನೀರೂ ಕುಡಿಯದೆ ಅಂಗಡಿಯಲ್ಲಿ ತಗಡು ಬಡೀತಿದ್ದರು. ಬೆಳಿಗ್ಗೆ ಟಪಟಪ ಅಂತ ಬೀಳೋ ಸುತ್ತಿಗೆ, ಮಧ್ಯಾಹ್ನ ಒಂದೊಂದೇ ಏಟು. ಸಾಯಂಕಾಲ ಇನ್ನೂ ನಿಧಾನ. ಆದರೆ ಅಂಗಡಿ ಮುಚ್ಚಲಿಲ್ಲ. ಒಳಮನೆಯಲ್ಲಿ ಕೂತು ಆ ಶಬ್ದ ಕೇಳ್ತಾ ಇದ್ದವಳು ಎದ್ದು ಲ್ಯಾಪ್‌ಟಾಪ್ ತೆಗೆದೆ. ಬಿಸಿಯಾದರೆ ನಿಲ್ಲಬೇಡ, ನಿಧಾನ ಮಾಡು. ಪೆಟ್ಟಿಗೆಗೆ ಇದೊಂದನ್ನ ಕಲಿಸೋಕೆ ಅಲ್ಲಿಂದ ಹಗಲೂ ಇರುಳೂ ಕೂತೆ. ಕಾವು ಏರಿದರೆ ಹಸಿರು ದೀಪ ಹೋಗಿ ಹಳದಿ ಬರುತ್ತೆ, ಮೋಟರು ಮೆಲ್ಲಗಾಗುತ್ತೆ. ಹಾಲು ತಡವಾಗಿ ತಣ್ಣಗಾಗುತ್ತೆ, ಆದರೆ ಆಗುತ್ತೆ. ಲೆಕ್ಕದಲ್ಲಿ ಸರಿ ಬಂದಿದೆ. ತೋಳುಗಾತ್ರದ ಹಾರಕ್ಕೆ ಇನ್ನೂ ನಿಂತು ತೋರಿಸಿಲ್ಲ.

ಹೊರಗಿನ ಡಬ್ಬಿ ಅಬ್ಬಾನ ಕೈಲೇ ಮಾಡಿಸಿದೆ. ಮುಂದುಗಡೆ ಒಂದು ಕೊಕ್ಕೆ ಬೇಕು ಅಂದೆ. ಯಾಕೆ, ಅಂಗಿ ನೇತುಹಾಕ್ತೀಯಾ ಅಂದರು. ಹಾರಕ್ಕೆ ಅಂದೆ. ಟ್ರಂಕಿನ ಹಿಡಿಗೆ ಹಾಕೋ ದಪ್ಪ ಕಂಬಿಯಲ್ಲೇ ಬಗ್ಗಿಸಿ ಕೊಟ್ಟರು.

ಈ ಸಲ ಯುಗಾದಿ ಮಾರನೇ ದಿನವೇ ನಮ್ಮ ಈದು. ಅಬ್ಬಾ ಶೀರ್‌ಕುರ್ಮಾ ಪಾಯಸ ತಗೊಂಡು ನಿಮ್ಮ ಮನೆಗೆ ಬಂದು, ಒಬ್ಬಟ್ಟು ತಗೊಂಡು ಹೋದರಲ್ಲ. ನಾನೂ ಸ್ಕೂಟರ್ ಹತ್ತಿರ ತನಕ ಬಂದೆ. ಹತ್ತಲಿಲ್ಲ. ಒಬ್ಬಟ್ಟು ಪೂರ್ತಿ ನಾನೇ ತಿಂದೆ.

ನಗ್ಮಾ


ಗುಂಡ್ಲುಪೇಟೆ
12 ಏಪ್ರಿಲ್ 2025

ನಗ್ಮಾ,

ಒಬ್ಬಟ್ಟು ತಟ್ಟಿದ್ದು ನಾನು. ಚೆನ್ನಾಗಿತ್ತೋ ಇಲ್ವೋ ಒಂದು ಮಾತು ಬರೆದಿಲ್ಲ ನೀನು.

ನಿಮ್ಮಬ್ಬಾ ಬಂದಾಗ ಅತ್ತೆ ಅವರ ಹತ್ರ ಏನು ಮಾತಾಡಿದ್ರೋ ಗೊತ್ತಿಲ್ಲ. ಇಬ್ಬರೂ ಜಗಲೀಲಿ ಕೂತು ಬಹಳ ಹೊತ್ತು ಮಾತಾಡಿದ್ರು. ಅವರು ಹೋದ್ಮೇಲೆ ಅತ್ತೆ ಒಳಗೆ ಬಂದು, ಪೆಟ್ಟಿಗೆ ತಂದು ಇಡಂಗಿದ್ರೆ ಇಡ್ಲಿ ಅಂದ್ರು. ಆದ್ರೆ ಒಂದು ಷರತ್ತು. ಆಯುಧಪೂಜೆಗೆ ನಾವು ಹೂವಿಗೆ ಕೈ ಬಿಗಿ ಹಿಡಿಯಲ್ಲ, ಪ್ರತಿ ವರ್ಷದಂಗೇ ಮಾಡ್ತೀವಿ. ಅವತ್ತೇನಾರ ನಿಂತೋದ್ರೆ ಅವಳೇ ಬಂದು ಹೊತ್ಕೊಂಡು ಹೋಗ್ಲಿ, ಮತ್ತೆ ಈ ಬಾಗಿಲಿಗೆ ತರಬಾರದು. ಡೈರಿ ಹೆಂಗಸರೂ ಒಪ್ಪಿದ್ರು. ಒಪ್ಪದೋರೂ ಇದ್ರು, ಅತ್ತೆ ಒಂದು ಸಲ ನೋಡಿದ್ಮೇಲೆ ಒಪ್ಪಿದ್ರು.

ಬರೋ ವಾರ ಬಂದು ಕೂರಿಸಿ ಹೋಗು.

ಕುಮಾರಿ


ಸುರತ್ಕಲ್
17 ಸೆಪ್ಟೆಂಬರ್ 2025

ಕುಮಾರಿ,

ಒಬ್ಬಟ್ಟು ಚೆನ್ನಾಗಿತ್ತು. ಆಗಲೇ ಹೇಳೋಣ ಅಂತಲೇ ಏಪ್ರಿಲಿನಲ್ಲಿ ಪೆಟ್ಟಿಗೆ ಕೂರಿಸೋಕೆ ಬಂದವಳು ನಿನ್ನನ್ನ ಹುಡುಕಿದೆ. ತವರುಮನೆಗೆ, ಹರದನಹಳ್ಳಿಗೆ ಹೋಗಿದ್ದಾಳೆ ಅಂದರು ನಿಮ್ಮತ್ತೆ. ಅವತ್ತೇ ಹೋಗಿದ್ದು ಯಾಕೆ ಅಂತ ನಾನು ಕೇಳಲ್ಲ. ನಿಮ್ಮತ್ತೆ ಕಾಫಿ ಕೊಟ್ಟರು. ನಾನು ಗೋಡೆಗೆ ಮೊಳೆ ಹೊಡೆಯೋವಾಗ ಹಿಂದೆ ನಿಂತು ಸ್ಟೂಲು ಹಿಡಿದುಕೊಂಡಿದ್ದರು.

ಏಪ್ರಿಲಿಂದ ಒಂದು ದಿನವೂ ನಿಂತಿಲ್ಲ ಅಂತ ನೀನು ಪ್ರತಿ ತಿಂಗಳು ಅಂಚೆ ಕಾರ್ಡಲ್ಲಿ ಒಂದೇ ಸಾಲು ಬರೀತಿದ್ದೀಯ. ಆ ಕಾರ್ಡುಗಳನ್ನ ಲ್ಯಾಬಿನ ಗೋಡೆಗೆ ಅಂಟಿಸಿದ್ದೀನಿ. ಇನ್ನು ಆಯುಧಪೂಜೆ ಒಂದು ದಾಟಬೇಕು. ಅದು ದಾಟಿದರೆ ಅಕ್ಟೋಬರ್ ಕಳೆಯೋ ಹೊತ್ತಿಗೆ ಆರು ತಿಂಗಳಾಗುತ್ತೆ. ದಾಟದಿದ್ದರೆ ಮತ್ತೆ ಮೊದಲಿಂದ ಶುರುಮಾಡೋಕೆ ನನಗೆ ಟೈಮಿಲ್ಲ, ಅಲ್ಲಿಗೆ ಮುಗೀತು. ನಿಮ್ಮ ಬಾಗಿಲು ಮುಚ್ಚಿಹೋಗೋದು ನನಗೆ ಅದಕ್ಕಿಂತ ದೊಡ್ಡ ನೋವು. ಬರೆದುಬಿಟ್ಟೆ ನೋಡು.

ಹೋದ ಕಾರ್ಡಲ್ಲಿ ಮಾತ್ರ, ಪೂಜೆಗೆ ಬಾ ಅಂತ ನೀನು ಇನ್ನೊಂದು ಸಾಲು ಸೇರಿಸಿದ್ದೆ. ಬರಲ್ಲ. ಸಿಟ್ಟಿನಿಂದಲ್ಲ. ನಾನು ಎದುರಿಗಿದ್ದರೆ ನೀವು ಪಾಪ ಅಂತ ಹಾರ ಕಮ್ಮಿ ಹಾಕ್ತೀರಿ. ಅದು ಪೂಜೆಯೂ ಆಗಲ್ಲ, ಪರೀಕ್ಷೆಯೂ ಆಗಲ್ಲ. ಹಳದಿ ದೀಪ ಬಂದರೆ ಗಾಬರಿಯಾಗಬೇಡ. ಕೆಂಪು ಬಂದರೆ ನಿಂತಿತು ಅಂತ ಅರ್ಥ. ಏನೇ ಬಂದರೂ ನೀನು ಹಾರ ಮುಟ್ಟಬೇಡ ಕುಮಾರಿ. ನನಗೋಸ್ಕರ ಅಂತಲೂ ಮುಟ್ಟಬೇಡ.

ನಗ್ಮಾ


ಗುಂಡ್ಲುಪೇಟೆ
3 ಅಕ್ಟೋಬರ್ 2025

ಲೇ ನಗ್ಮಾ,

ಸಾವಧಾನವಾಗಿ ಓದು, ಕೊನೆಗೆ ಹಾರಬೇಡ.

ಬುಧವಾರ ಬೆಳಗಿನ ಹಾಲು ತುಂಬಿಸಿ ಎಲ್ಲ ತೊಳೆದ್ವಿ. ಅತ್ತೆ ಪೈಪ್ ಹಿಡಿದು ನಿನ್ನ ಪೆಟ್ಟಿಗೆಗೂ ನೀರು ಬುಟ್ರು, ನನ್ನ ಜೀವ ಬಾಯಿಗೆ ಬಂತು. ಏನೂ ಆಗಲಿಲ್ಲ. ಮೂರು ಬೆರಳಲ್ಲಿ ವಿಭೂತಿ ಬಳಿದು, ನಡೂಮಧ್ಯೆ ಕುಂಕುಮ ಇಟ್ರು. ಆಮೇಲೆ ಹಾರ. ಮೊದಲನೇದನ್ನ ಕೊಕ್ಕೆಗೇ ಹಾಕಿದ್ರು. ಕೊಕ್ಕೆ ಮುಟ್ಟಿ ನೋಡಿ, ಇದ ಯಾಕ ಮಡಗವ್ಳೆ ಅಂದ್ರು. ಹಾರಕ್ಕೇ ಅಂತ ಮಾಡಿಸವ್ಳೆ ಅಂದೆ. ಹೂಂ ಅಂದ್ರು, ಅಷ್ಟೇ. ಅಲ್ಲಿಗೆ ಮುಗಿಯುತ್ತೆ ಅಂದ್ಕೊಂಡೆ. ಎಲ್ಲಿ ಮುಗೀತದೆ? ಹಾಲು ಹಾಕೋ ಒಬ್ಬೊಬ್ಬರೂ ತಮ್ಮ ಮನೇಲಿ ಕಟ್ಟಿದ ಹಾರ ತಂದಿದ್ರು. ಕೊಕ್ಕೆ ತುಂಬೋಯ್ತು, ಮೇಲೆ ಹಾಕಿದ್ರು, ಮೇಲಿಂದ ಹಿಂದುಗಡೆ ಸಂದಿಗೂ ಇಳೀತು. ಪೆಟ್ಟಿಗೆ ಕಾಣ್ತಾನೇ ಇರಲಿಲ್ಲ, ದೀಪ ಒಂದು ಹೂವಿನ ಮಧ್ಯೆ ಮಿಣುಕ್ತಿತ್ತು.

ಬೂದಗುಂಬಳಕಾಯಿ ಒಡೆದು ಕಡ್ಲೆಪುರಿ ಹಂಚ್ತಾ ಇದ್ವಿ. ದೀಪ ಹಳದಿ ಆಯ್ತು. ಮೋಟರ ಸದ್ದು ಇಳೀತಾ ಇಳೀತಾ ಬಂತು, ನಾನು ಕೈ ಹಿಂದೆ ಕಟ್ಕೊಂಡು ನಿಂತೆ. ನೀನು ಮುಟ್ಟಬೇಡ ಅಂದಿದ್ದೆಯಲ್ಲ, ಎಷ್ಟು ಕಷ್ಟ ಆಯ್ತು ಅಂತ ನಿಂಗೊತ್ತಾಗಲ್ಲ. ಸದ್ದು ಇಳೀತು, ನಿಲ್ಲಲಿಲ್ಲ ಕಣಮ್ಮಿ. ಗೊಣಗ್ತಾ ಕೆಲಸ ಮಾಡೋ ಮುದುಕನ ಥರ ಓಡ್ತಾನೇ ಇತ್ತು.

ಮಧ್ಯಾಹ್ನ ಮಾದಣ್ಣ ಹಾಲಿನ ಟ್ಯಾಂಕರ್ ತಂದ್ರು. ನಾಲ್ಕು ಡಿಗ್ರಿಗೆ ಬರದೆ ಅವರು ಹಾಲು ಎತ್ತಲ್ಲ, ನಮ್ಮದು ಏಳರಲ್ಲಿತ್ತು. ಒಬ್ಬಳು ಹಾರ ಒಂದಿಷ್ಟು ಸರಿಸನ ಅಂತ ಕೈ ಎತ್ತಿದ್ಲು, ಅತ್ತೆ ಬ್ಯಾಡ ಅಂದ್ರು. ಮಾದಣ್ಣನ ಕೂರಿಸಿ, ಕಜ್ಜಾಯ ಕೊಟ್ಟು, ಇನ್ನೊಂದು ಕೊಟ್ಟು, ಅವರ ಮಗಳ ಮದುವೆ ಮಾತೆಲ್ಲ ಕೇಳಿದ್ವಿ. ಆರಾಯ್ತು, ಐದಾಯ್ತು. ಮಾದಣ್ಣ ಹೊಟ್ಟೆ ತುಂಬಿ ಸಾಕು ಅನ್ನೋ ಹೊತ್ತಿಗೆ ನಾಲ್ಕಕ್ಕೆ ಬಂತು. ಒಂದು ತೊಟ್ಟು ಹಾಲು ಕೆಡಲಿಲ್ಲ. ಕೆಂಪು ದೀಪ ಬರಲೇ ಇಲ್ಲ. ನಾನು ಹಿಂದುಗಡೆ ಹೋಗಿ ಒಂದು ಗಳಿಗೆ ಅತ್ತುಬುಟ್ಟೆ.

ಇನ್ನೊಂದು ವಿಷಯ. ಬ್ಲಾಕ್ ಈಗ ತೆಗೆದದ್ದಲ್ಲ, ಜೂನಲ್ಲೇ ತೆಗೆದಿದ್ದೆ. ನೀನು ಒಂದ್ಸಲ ಮಾಡಿ ನೋಡ್ತೀಯೇನೋ ಅಂತ ಕಾದೆ. ಮಾಡಲಿಲ್ಲ. ಆಮೇಲೆ ನಂಗೂ ಕಾಗದವೇ ಅಭ್ಯಾಸ ಆಗೋಯ್ತು. ಹಬ್ಬದ ದಿನವೂ ಫೋನ್ ಕೈಲಿತ್ತು, ಮಾಡಲಿಲ್ಲ. ಇದನ್ನ ನೀನು ಓದ್ಬೇಕು, ಒಂದ್ಸಲ ಅಲ್ಲ, ನಾಲ್ಕು ಸಲ.

ಟ್ಯಾಂಕರ್ ಹೋದ್ಮೇಲೆ ಎಲ್ಲರೂ ಮನೆಗೆ ಹೊರಟ್ರು. ಅತ್ತೆ ಹೊರಡಲಿಲ್ಲ. ಪೆಟ್ಟಿಗೆ ಮುಂದೆ ನಿಂತು, ಕೊಕ್ಕೆಯಿಂದ ತಾವು ಹಾಕಿದ್ದ ಹಾರದಲ್ಲಿ ಒಂದು ಹೂವ ಕಿತ್ತು ನನ್ನ ಕೈಗೆ ಕೊಟ್ರು.

"ಇದೇನು ದೇವ್ರಾ ಅಂತ ಕೇಳಿದ್ಲಲ್ಲ ಹೋದೊರ್ಸ, ಬರ್ದು ಕಳ್ಸು ಅವಳಿಗ. ದೇವ್ರಲ್ಲ. ನಮ್ಮ ಜೊತೇಲಿ ದುಡೀತದಲ್ಲ, ಅದ್ಕ ಹೂವ. ಅದ ಮಾಡಿದೋಳೂ ದುಡಿದವ್ಳೆ, ಅವಳಿಗೂ ಒಂದು ಇರ್ಲಿ."

ಹೂವ ಈ ಕಾಗದದ ಮಡಿಕೇಲೇ ಅದೆ. ತೆಗಿಯೋವಾಗ ಉದುರಿಸ್ಬೇಡ.

ನಿನ್ನ
ಕುಮಾರಿ